ಕುಂಭ ರಾಶಿಯಲ್ಲಿ ನೀರಿದೆಯಂತೆ

ನಮ್ಮ ಓಣಿಯ ಚಹಾದಂಗಡಿಯಲ್ಲಿ ಟಿವಿ ಇಟ್ಟಿರುವುದು ಕ್ರಿಕೆಟ್ಟಿಗಾಗಿ. ಕ್ರಿಕೆಟ್ ಇಲ್ಲದ ದಿನ ಅದು ಬ್ರಹ್ಮಾಂಡದ ಕಡೆ ತಿರುಗುತ್ತದೆ. ಮೊನ್ನೆ ಸಂಜೆ ಮಿರ್ಚಿ ಮುರಿಯುತ್ತ ಕೂತಿದ್ದೆ. ಪರದೆಯ ತುಂಬ ನೀಲಿ ಸಮುದ್ರ, ಬಿಳಿ ಮೋಡ, ದಿಗಂತದಲ್ಲಿ ಕೆಂಪು ಸೂರ್ಯ. ‘ಸಿಕ್ಕೇಬಿಟ್ಟಿತು ಎರಡನೇ ಭೂಮಿ! ಅಲ್ಲಿದೆ ನೀರು!’ ಎಂದು ನಿರೂಪಕ ಗಂಟಲು ಹರಿದುಕೊಳ್ಳುತ್ತಿದ್ದ. ನನಗೆ ನೆನಪಿರುವಂತೆ ಇದು ಸಿಕ್ಕಿದ್ದು ಹನ್ನೊಂದನೆಯ ಸಲ. ಎಷ್ಟು ಸಲ ಸಿಕ್ಕರೂ ಅದು ಎರಡನೆಯದೇ.

ಪಕ್ಕದಲ್ಲಿದ್ದ ತೊಗರಿ ವ್ಯಾಪಾರಿಯೊಬ್ಬರು, ಅಲ್ಲಿಯದು ಎರೆ ಭೂಮಿಯೋ ಮಸಾರಿಯೋ ಎಂದು ವಿಚಾರಿಸಿದರು. ಅಂಗಡಿಯವನದು ಬೇರೆ ಚಿಂತೆ. ಒಂದೇ ಬಕೆಟ್ಟಿನ ನೀರಿನಲ್ಲಿ ನಲವತ್ತನೇ ಗ್ಲಾಸು ಅದ್ದಿ ತೆಗೆಯುತ್ತ, “ಮಾಸ್ತರ್, ಅಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಿಡುತ್ತಾರಂತೆ?” ಎಂದು ಕೇಳಿದ.

ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವನು ನಾನು. ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ.

ವಿಷಯ ಇಷ್ಟು. ಕುಂಭ ರಾಶಿಯ ದಿಕ್ಕಿನಲ್ಲಿ, ನಮ್ಮಿಂದ ಸುಮಾರು 40 ಜ್ಯೋತಿರ್ವರ್ಷ ದೂರದಲ್ಲಿ ಟ್ರಾಪಿಸ್ಟ್-1 ಎಂಬ ಪುಟ್ಟ, ತಣ್ಣನೆಯ ನಕ್ಷತ್ರವಿದೆ. ತಣ್ಣನೆಯದು ಎಂದರೆ ನಕ್ಷತ್ರಗಳ ಪೈಕಿ ತಣ್ಣನೆಯದು. ಮೇಲ್ಮೈಯ ಉಷ್ಣತೆ ಸುಮಾರು 2,300 ಡಿಗ್ರಿ ಸೆಲ್ಸಿಯಸ್, ಸೂರ್ಯನದಕ್ಕೆ ಹೋಲಿಸಿದರೆ ಅರ್ಧವೂ ಇಲ್ಲ. ಗಾತ್ರದಲ್ಲಿ ನಮ್ಮ ಗುರುಗ್ರಹಕ್ಕಿಂತ ತುಸು ದಪ್ಪ, ಅಷ್ಟೇ. ಬೆಲ್ಜಿಯಂನ ಮೈಕೆಲ್ ಗಿಲ್ಲನ್ ಮತ್ತು ಸಂಗಡಿಗರು ಚಿಲಿಯ ಲಾ ಸಿಲ್ಲಾದಲ್ಲಿ 60 ಸೆಂಟಿಮೀಟರಿನ ಸಣ್ಣ ದೂರದರ್ಶಕ ಇಟ್ಟುಕೊಂಡು ಅದನ್ನು ಕಾದರು. 2016ರಲ್ಲಿ ಮೂರು ಗ್ರಹಗಳೆಂದರು. 2017ರ ಫೆಬ್ರವರಿಯಲ್ಲಿ ಲೆಕ್ಕ ತಿದ್ದಿ ಏಳೆಂದರು. ಬಿ, ಸಿ, ಡಿ ಎಂದು ಎಚ್‌ವರೆಗೆ ಹೆಸರು. ಅವುಗಳಲ್ಲಿ ‘ಇ’ ಎಂಬುದು ಭೂಮಿಗೆ ಹೆಚ್ಚು ಹತ್ತಿರದ ಬಂಧು. ತನ್ನ ಸೂರ್ಯನನ್ನು ಆರು ದಿನಕ್ಕೊಮ್ಮೆ ಸುತ್ತಿ ಮುಗಿಸುತ್ತದೆ, ಅಂದರೆ ಅಲ್ಲಿ ಆರು ದಿನಕ್ಕೆ ಒಂದು ವರ್ಷ.

ನಮ್ಮ ಓಣಿಯ ನಳಕ್ಕೆ ನೀರು ಬರುವುದೂ ಆರು ದಿನಕ್ಕೊಮ್ಮೆ. ಇ ಗ್ರಹದ ಲೆಕ್ಕದಲ್ಲಿ, ಶರಣಬಸವೇಶ್ವರ ಜಾತ್ರೆಯ ಹಾಗೆ, ವರ್ಷಕ್ಕೊಮ್ಮೆ. ಅಂಗಡಿಯವನಿಗೆ ಹಾಗೆಯೇ ಹೇಳಿದೆ. “ಹಾಗಾದರೆ ಇಲ್ಲೇ ಇರುತ್ತೇನೆ ಬಿಡಿ” ಎಂದು ನಲವತ್ತೊಂದನೇ ಗ್ಲಾಸು ಅದ್ದಿದ.

ಅಸಲಿಗೆ ಅಲ್ಲಿ ನೀರಿದೆ ಎಂದು ಕಂಡುಹಿಡಿದವರು ಹೇಳಿಯೇ ಇಲ್ಲ. ಅವರು ಹೇಳಿದ್ದು ‘ವಾಸಯೋಗ್ಯ ವಲಯ’. ನಕ್ಷತ್ರದಿಂದ ಇಷ್ಟು ದೂರದಲ್ಲಿ ಒಂದು ಗ್ರಹವಿದ್ದು, ಅದಕ್ಕೆ ತಕ್ಕ ವಾತಾವರಣವೂ ಇದ್ದು, ನೀರೂ ಇದ್ದರೆ, ಆ ನೀರು ಹೆಪ್ಪುಗಟ್ಟದೆ, ಕುದಿದು ಹೋಗದೆ ನೀರಾಗಿಯೇ ಇರಬಹುದು ಎಂಬಷ್ಟೇ ಅದರ ಅರ್ಥ. ಮೂರು ‘ರೆ’ಗಳ ಮೇಲೆ ಒಂದು ‘ಬಹುದು’. ಈ ‘ಇರಬಹುದು’ ಚಿಲಿಯಿಂದ ಹೊರಟು ಕಲಬುರಗಿಯ ಚಹಾದಂಗಡಿ ಮುಟ್ಟುವ ಹೊತ್ತಿಗೆ ದಾರಿಯಲ್ಲಿ ಎಲ್ಲೋ ಬಾಲ ಉದುರಿಸಿಕೊಂಡು ‘ಇದೆ’ ಆಗಿರುತ್ತದೆ. ಚಿತ್ರದ ಕಥೆಯೂ ಅದೇ. ಜಗತ್ತಿನ ಯಾವ ದೂರದರ್ಶಕವೂ ಆ ಗ್ರಹಗಳ ಮೇಲ್ಮೈ ಕಂಡಿಲ್ಲ. ಆ ನೀಲಿ ಸಮುದ್ರ ಚಿತ್ರಕಾರನೊಬ್ಬ ಕಂಪ್ಯೂಟರಿನಲ್ಲಿ ಬರೆದದ್ದು.

ನನಗೆ ಇದರಲ್ಲಿ ಆಶ್ಚರ್ಯವೇನೂ ಆಗುವುದಿಲ್ಲ. ನಾನು ಪ್ಲಾಟು ಕೊಂಡವನು.

ಹದಿನಾಲ್ಕು ವರ್ಷದ ಹಿಂದೆ, ಊರ ಹೊರಗೆ, ತೊಗರಿ ಹೊಲ ಹೋಗಿ ಲೇಔಟ್ ಆದ ಜಾಗದಲ್ಲಿ ಮೂವತ್ತು–ನಲವತ್ತರ ಪ್ಲಾಟು. ಮಾರಿದವರು ಕೊಟ್ಟ ಬಣ್ಣದ ಹಾಳೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಅದರಲ್ಲೂ ಕಾರಂಜಿಯಿದೆ, ಅದರಲ್ಲೂ ಹಸಿರು ಹುಲ್ಲಿದೆ, ಸೈಕಲ್ ತುಳಿಯುವ ಕೆಂಪು ಕೆನ್ನೆಯ ಮಗುವಿದೆ. ‘ನೀರು ಇದೆ, ಚರಂಡಿ ಇದೆ, ಉದ್ಯಾನ ಇದೆ’ ಎಂದು ದಪ್ಪಕ್ಷರ. ಮೂಲೆಯಲ್ಲಿ ಇರುವೆಯಷ್ಟು ಸಣ್ಣದಾಗಿ ‘ಸಾಂದರ್ಭಿಕ ಚಿತ್ರ’. ಮನೆ ಕಟ್ಟಿಸಿ, ಶಹಾಬಾದ್ ಫರ್ಸಿ ಹಾಸಿ, ಗೃಹಪ್ರವೇಶ ಮುಗಿಸಿ ನಳ ತಿರುವಿದ ದಿನ ಆ ‘ಇದೆ’ ‘ಇರಬಹುದು’ ಆಯಿತು. ವಿಜ್ಞಾನಿಗಳ ‘ಇರಬಹುದು’ ಊರಿಗೆ ಬಂದು ‘ಇದೆ’ ಆಗುತ್ತದೆ, ಊರಿನ ‘ಇದೆ’ ಮನೆಗೆ ಬಂದು ‘ಇರಬಹುದು’ ಆಗುತ್ತದೆ. ಎರಡೂ ಬಸ್ಸುಗಳು ನಡುದಾರಿಯಲ್ಲಿ ಪರಸ್ಪರ ಹಾರ್ನ್ ಹೊಡೆದುಕೊಂಡು ಹೋಗುತ್ತಿರಬೇಕು.

ನಮ್ಮ ಊರಿಗೆ ‘ವಲಯ’ ಹೊಸ ಮಾತೂ ಅಲ್ಲ. ಸುಮಾರು ಎರಡು ದಶಕದ ಹಿಂದೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿಗಳ ಜೊತೆ ಕಲಬುರಗಿಯಲ್ಲೂ ಕೆಲವು ಬಡಾವಣೆಗಳನ್ನು ಆರಿಸಿ, ವಿಶ್ವಬ್ಯಾಂಕಿನ ನೆರವಿನಿಂದ 24 ಗಂಟೆ ನೀರು ಕೊಡುವ ಪ್ರಾಯೋಗಿಕ ವಲಯ ಮಾಡಿದರು. ಅಲ್ಲಿ ನೀರು ಬಂತು ಕೂಡ! ನನ್ನ ಷಡ್ಡಕರ ಮನೆ ಆ ವಲಯದೊಳಗೆ. ಅವರು ಸ್ಕೂಟರ್ ತೊಳೆಯುತ್ತಾರೆ, ತುಳಸಿಗೆ ಎರಡು ಹೊತ್ತು ಹಾಕುತ್ತಾರೆ, ನಮ್ಮನ್ನು ಊಟಕ್ಕೆ ಕರೆದರೆ ಬಟ್ಟೆಯ ಗಂಟನ್ನೂ ತನ್ನಿ ಎನ್ನುತ್ತಾರೆ. ಅವರಿಗೂ ನಮಗೂ ಇರುವುದು ಒಂದೂವರೆ ಕಿಲೋಮೀಟರ್. ಶುಕ್ರನಿಗೂ ಭೂಮಿಗೂ ಗಾತ್ರದಲ್ಲಿ ಹೆಚ್ಚು ಅಂತರವಿಲ್ಲ. ಆದರೂ ಒಂದು ಕಡೆ ಕಡಲು, ಇನ್ನೊಂದು ಕಡೆ 460 ಡಿಗ್ರಿಯ ಕುಲುಮೆ. ವಲಯದ ಗೆರೆ ಎಲ್ಲಿ ಹಾದುಹೋಗುತ್ತದೆ ಎಂಬುದೇ ಹಣೆಬರಹ.

ಕಾಣದ ಗ್ರಹವನ್ನು ಇದೆ ಎಂದು ಹೇಗೆ ಹೇಳುತ್ತಾರೆ ಎಂದು ಹಲವರು ನನ್ನನ್ನು ಕೇಳುತ್ತಾರೆ. ಅದಕ್ಕೆ ಚಿಲಿಗೆ ಹೋಗಬೇಕಾಗಿಲ್ಲ, ನಮ್ಮ ದೇವರ ಕೋಣೆಗೆ ಬಂದರೆ ಸಾಕು. ಅಲ್ಲಿ ರಾತ್ರಿಯಿಡೀ ಒಂದು ಝೀರೋ ಬಲ್ಬ್ ಉರಿಯುತ್ತದೆ. ನೀರು ಬಿಡುವ ನಸುಕಿನಲ್ಲಿ ಅದು ಒಮ್ಮೆಲೇ ತುಸು ಮಂಕಾಗುತ್ತದೆ, ನಲವತ್ತು ನಿಮಿಷ ಹಾಗೇ ಇದ್ದು ಮತ್ತೆ ಬೆಳಗುತ್ತದೆ. ಪಕ್ಕದ ಮನೆಯವರು ನಳಕ್ಕೆ ನೇರವಾಗಿ ಮೋಟಾರ್ ಹಚ್ಚಿ ಓಣಿಯ ನೀರನ್ನೆಲ್ಲ ಎಳೆದುಕೊಳ್ಳುತ್ತಿದ್ದಾರೆ ಎಂದು ಅರ್ಥ. ಆ ಮೋಟಾರನ್ನು ಯಾರೂ ನೋಡಿಲ್ಲ. ಕೇಳಿದರೆ, ಬಂದೇನವಾಜರ ಆಣೆ, ಶರಣರ ಆಣೆ, ಎರಡೂ ಆಣೆ ಒಟ್ಟಿಗೆ ಇಟ್ಟು ಇಲ್ಲವೆನ್ನುತ್ತಾರೆ. ನನ್ನ ಹೆಂಡತಿ ಮಾತ್ರ ಗೋಡೆಯ ಪಂಚಾಂಗದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದಿದ್ದಾಳೆ. ಯಾವ ದಿನ, ಎಷ್ಟು ಗಂಟೆಗೆ ಮಂಕಾಯಿತು, ಎಷ್ಟು ಹೊತ್ತು. ಮಂಕಾದ ಪ್ರಮಾಣ ನೋಡಿ, “ರೀ, ಇದು ಒಂದು ಎಚ್‌ಪಿ” ಎಂದು ಗಾತ್ರವನ್ನೂ ಹೇಳಿಬಿಟ್ಟಳು. ಗಿಲ್ಲನ್ ಮಾಡಿದ್ದೂ ಇದನ್ನೇ. ನಕ್ಷತ್ರದ ಮುಂದೆ ಗ್ರಹ ಹಾದಾಗ ಬೆಳಕು ಕುಗ್ಗುತ್ತದೆ. ಕುಗ್ಗಿದ ಪ್ರಮಾಣದಿಂದ ಗ್ರಹದ ಗಾತ್ರ, ಎಷ್ಟು ದಿನಕ್ಕೊಮ್ಮೆ ಕುಗ್ಗುತ್ತದೆ ಎಂಬುದರಿಂದ ಅದರ ವರ್ಷ ಸಿಗುತ್ತದೆ. ಇದಕ್ಕೆ ಸಣ್ಣ ನಕ್ಷತ್ರವೇ ಬೇಕು. ಜಾತ್ರೆಯ ಹ್ಯಾಲೋಜನ್ ದೀಪದ ಮುಂದೆ ಒಂದು ಹುಳ ಹಾರಿದರೆ ಯಾರಿಗೆ ಗೊತ್ತಾಗುತ್ತದೆ? ಝೀರೋ ಬಲ್ಬಿನ ಮುಂದೆ ಹಾರಿದರೆ ಗೋಡೆಯ ತುಂಬ ನೆರಳು. ಭೂಮಿ ಸೂರ್ಯನ ಮುಂದೆ ಹಾದರೆ ಬೆಳಕು ಕುಗ್ಗುವುದು ಸುಮಾರು 12 ಸಾವಿರದಲ್ಲಿ ಒಂದು ಪಾಲು. ಟ್ರಾಪಿಸ್ಟ್-1ರಲ್ಲಿ ಇ ಗ್ರಹ ಹಾದರೆ ಸಾವಿರದಲ್ಲಿ ಐದು ಪಾಲು. ಬೆಂಗಳೂರಿನ ಬೆಳಕಿನಲ್ಲಿ ಯಾರ ಮೋಟಾರೂ ಸಿಕ್ಕಿಬೀಳುವುದಿಲ್ಲ ಎಂಬುದು ನನ್ನ ಸ್ವಂತ ಸಿದ್ಧಾಂತ.

ಇಂಥ ಸಣ್ಣ ನಕ್ಷತ್ರಗಳನ್ನು ಕಾಯಲೆಂದೇ ಚಿಲಿಯ ಪರಾನಲ್‌ನಲ್ಲಿ ಒಂದು ಮೀಟರಿನ ನಾಲ್ಕು ದೂರದರ್ಶಕಗಳಿವೆ. ಯೋಜನೆಯ ಹೆಸರು ಸ್ಪೆಕ್ಯುಲೂಸ್. ಬೆಲ್ಜಿಯಂ ಕಡೆಯ ಒಂದು ಮಸಾಲೆ ಬಿಸ್ಕತ್ತಿನ ಹೆಸರು ಅದು. ನಾವು ಮಾಡಿದ್ದರೆ ಉಸ್ಮಾನಿಯಾ ಎಂದು ಇಡಬಹುದಿತ್ತು. ಆಮೇಲೆ ಹೆಸರು ಬದಲಿಸಲು ಧರಣಿ, ಬದಲಿಸಬಾರದೆಂದು ಧರಣಿ, ದೂರದರ್ಶಕ ಮಾತ್ರ ಟೆಂಡರಿನಲ್ಲಿ.

ಇನ್ನು ಅಲ್ಲಿನ ಹಗಲಿನ ವಿಚಾರ. ಚಂದ್ರ ನಮಗೆ ಒಂದೇ ಮುಖ ತೋರಿಸುವಂತೆ ಈ ಗ್ರಹಗಳೂ ತಮ್ಮ ನಕ್ಷತ್ರಕ್ಕೆ ಒಂದೇ ಮುಖ ತೋರಿಸುತ್ತಿರುವ ಸಾಧ್ಯತೆ ಹೆಚ್ಚು. ಒಂದು ಅರ್ಧಕ್ಕೆ ಮುಗಿಯದ ಹಗಲು, ಇನ್ನೊಂದು ಅರ್ಧಕ್ಕೆ ಮುಗಿಯದ ರಾತ್ರಿ. ನಮ್ಮ ವಿಭಾಗದಲ್ಲಿ ಏಪ್ರಿಲ್–ಮೇ ತಿಂಗಳಲ್ಲಿ ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳ ಹೊತ್ತನ್ನು ಬೆಳಗಿನ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿಯಿದೆ. ಸೂರ್ಯ ನೆತ್ತಿ ಬಿಟ್ಟು ಅಲುಗದ ಊರಿನಲ್ಲಿ ಸಾಹೇಬರು ಊಟಕ್ಕೆ ಎದ್ದರೆ ಕಲ್ಪಾಂತರದವರೆಗೆ ಊಟದಲ್ಲೇ ಇರುತ್ತಾರೆ. ಹಗಲೂ ರಾತ್ರಿಯೂ ಕೂಡುವ ಗಡಿಯಲ್ಲಿ ಮಾತ್ರ ಎಂದೆಂದಿಗೂ ಸಂಜೆ. ಯಾರಾದರೂ ಅಲ್ಲಿ ಲೇಔಟ್ ಹಾಕಿದರೆ ಆ ಪಟ್ಟಿಯಲ್ಲಿ ಒಂದು ಕಾರ್ನರ್ ಪ್ಲಾಟು ನನಗಿರಲಿ. ಸೂರ್ಯ ಒಂದೇ ಕಡೆ ನಿಂತಿರುವುದರಿಂದ ವಾಸ್ತು ಪಂಡಿತರ ಕಾಟವೂ ತಪ್ಪುತ್ತದೆ.

ಹೋಗುವುದು ಹೇಗೆ ಎಂದು ಮಾತ್ರ ಕೇಳಬೇಡಿ. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್ ನೌಕೆಯ ವೇಗದಲ್ಲಿ ಹೊರಟರೂ ಸುಮಾರು 7 ಲಕ್ಷ ವರ್ಷ. ಖಗೋಳದವರು ಇದನ್ನು ‘ಹತ್ತಿರದ ನಕ್ಷತ್ರ’ ಎನ್ನುತ್ತಾರೆ. ನನ್ನ ಬಣ್ಣದ ಹಾಳೆಯಲ್ಲೂ ‘ಬಸ್ ನಿಲ್ದಾಣಕ್ಕೆ ಹತ್ತಿರ’ ಎಂದಿತ್ತು.

2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ಬಿ ಗ್ರಹವನ್ನು ಅಳೆಯಿತು. ಹಗಲಿನ ಮುಖ ಸುಮಾರು 230 ಡಿಗ್ರಿ, ವಾತಾವರಣದ ಸುಳಿವಿಲ್ಲ. ಬಳಿಕ ಸಿ ಗ್ರಹ. ಅಲ್ಲೂ ದಟ್ಟ ಇಂಗಾಲದ ಡೈಆಕ್ಸೈಡ್ ಇಲ್ಲ. ಈ ಸಣ್ಣ ನಕ್ಷತ್ರಗಳು ನೋಡಲು ಸಾಧು, ಸ್ವಭಾವದಲ್ಲಿ ಮುಂಗೋಪಿ. ಆಗಾಗ ಜ್ವಾಲೆ ಕಕ್ಕುತ್ತವೆ. ಮೈಗೆ ಅಂಟಿದಂತೆ ಸುತ್ತುವ ಗ್ರಹದ ಗಾಳಿಯನ್ನೇ ಅವು ಉಜ್ಜಿ ತೆಗೆದಿರಬಹುದು. ಆ ಸುದ್ದಿ ಬಂದ ದಿನ ‘ಕೈತಪ್ಪಿತು ಎರಡನೇ ಭೂಮಿ’ ಎಂದು ಯಾರೂ ಕಿರುಚಿದ್ದನ್ನು ನಾನು ಕೇಳಲಿಲ್ಲ. ಟಿವಿಯಲ್ಲಿ ಕ್ರಿಕೆಟ್ ಇತ್ತು.

ಒಂದು ಹೆಮ್ಮೆಯ ಸಂಗತಿ ಹೇಳಲು ಮರೆತೆ. 2016ರ ಆ ಶೋಧಕ್ಕೆ ನೆರವಾದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯಲ್ಲಿರುವ ನಮ್ಮ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. 4,500 ಮೀಟರ್ ಎತ್ತರದಲ್ಲಿರುವ ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಸಂಪರ್ಕದ ಮೂಲಕ. ಹೊಸಕೋಟೆಯಲ್ಲಿ ಗುಂಡಿ ಒತ್ತಿದರೆ ಲಡಾಖಿನಲ್ಲಿ ಕನ್ನಡಿ ತಿರುಗುತ್ತದೆ. ನಮ್ಮ ಓಣಿಯ ವಾಲ್ವ್ ತಿರುವಬೇಕಾದರೆ ಮಾತ್ರ ವಾಲ್ವ್‌ಮ್ಯಾನ್ ಖುದ್ದಾಗಿ, ಆ ಒಂದೇ ಪಾನಾ ಹಿಡಿದು, ಸೈಕಲ್ ಮೇಲೆ ಬರಬೇಕು. ಅವನ ಮಗಳ ಮದುವೆಯಿದ್ದ ವಾರ ಇಡೀ ಓಣಿ ಮಂಗಳ ಗ್ರಹವಾಗಿತ್ತು.

ನಿನ್ನೆ ನೀರಿನ ಪಾಳಿ. ಮೇ ತಿಂಗಳ ಸೆಕೆಗೆ ಮಾಳಿಗೆಯ ಮೇಲೆ ಮಲಗಿದ್ದವನು ನಸುಕಿನ ಮೂರಕ್ಕೆ ಎದ್ದು ಪೂರ್ವಕ್ಕೆ ನೋಡಿದೆ. ಕುಂಭ ರಾಶಿ ಮೇಲೇರಿತ್ತು. ಟ್ರಾಪಿಸ್ಟ್-1 ಕಾಣಲಿಲ್ಲ. ಅಂಥ ಕೆಂಪು ಕುಬ್ಜಗಳು ಆಕಾಶಗಂಗೆಯ ನಾಲ್ಕು ನಕ್ಷತ್ರಗಳಲ್ಲಿ ಮೂರರಷ್ಟಿದ್ದರೂ ಒಂದೂ ಬರಿಗಣ್ಣಿಗೆ ಬೀಳುವುದಿಲ್ಲ. ಕೆಳಗೆ ನಳದ ಮುಂದೆ ನಮ್ಮ ಕುಂಭಗಳು ಸಾಲಾಗಿದ್ದವು, ಹನ್ನೊಂದು, ಎಲ್ಲ ಬರಿದು. ಇಳಿದು ಹೋಗಿ ನಳ ತಿರುವಿದೆ. ಸುಸ್ ಎಂದಿತು. ಗಾಳಿ! ಜೇಮ್ಸ್ ವೆಬ್‌ಗೆ ಸಿಗದ ವಾತಾವರಣ ನಮ್ಮ ನಳದಲ್ಲಿ ಧಾರಾಳವಾಗಿತ್ತು.

ಎದುರು ಮನೆಯ ಹುಡುಗಿ ಕೊಡ ಹಿಡಿದು ಕಟ್ಟೆಯ ಮೇಲೆ ತೂಕಡಿಸುತ್ತಿದ್ದಳು. ಸಪ್ಪಳಕ್ಕೆ ಎಚ್ಚೆತ್ತು, “ಬಂತೆ, ಕಾಕಾ?” ಎಂದಳು.

“ಬರಬಹುದು” ಎಂದೆ.

ಅಷ್ಟರಲ್ಲಿ ದೇವರ ಕೋಣೆಯ ಬಲ್ಬ್ ಮಂಕಾಯಿತು. ಒಳಗೆ ನನ್ನ ಹೆಂಡತಿ ಪೆನ್ಸಿಲಿಗೆ ತಡಕಾಡುವ ಸದ್ದು ಕೇಳಿಸಿತು.