ಯಾರೂ ನೋಡದ ಸಿನಿಮಾಕ್ಕೆ ಹೌಸ್‌ಫುಲ್

ಮಡಿಕೇರಿಯಿಂದ ಭಾಗಮಂಡಲದ ಕಡೆಗೆ ಹೋಗುವ ದಾರಿಯಲ್ಲಿ, ನನ್ನ ಭಾವನ ತೋಟದ ಗೇಟಿನ ಪಕ್ಕ ಒಂದು ಬೋರ್ಡು ಇದೆ. "ಯಾರಿಗೂ ಗೊತ್ತಿಲ್ಲದ ಜಲಪಾತ, 2 ಕಿ.ಮೀ." ಕೆಳಗೆ ಬಾಣದ ಗುರುತು. ಯಾರಿಗೂ ಗೊತ್ತಿಲ್ಲದ ಆ ಜಲಪಾತದ ಹತ್ತಿರ ಭಾನುವಾರ ಕಾರು ತಿರುಗಿಸೋಕೂ ಜಾಗ ಇರುವುದಿಲ್ಲ. ಪಾರ್ಕಿಂಗಿಗೆ ಐವತ್ತು ರೂಪಾಯಿ. ಸುಟ್ಟ ಜೋಳ ಸಿಗುತ್ತದೆ, ಚುರುಮುರಿ ಸಿಗುತ್ತದೆ. ನೀರು ಮಳೆಗಾಲಕ್ಕಷ್ಟೇ.

ಕಳೆದ ಕಕ್ಕಡದಲ್ಲಿ, ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಆ ಬೋರ್ಡಿಗೆ ಇನ್ನೊಂದು ಸಾಲು ಸೇರಿತು. "ರಾತ್ರಿ 8ಕ್ಕೆ ಯಾರೂ ನೋಡಿರದ ಸಿನಿಮಾ. ಸೀಟು ಮೊದಲೇ ಕಾದಿರಿಸಿ."

ಭಾವ ಸುಮ್ಮನೆ ಕೂರುವ ಜನ ಅಲ್ಲ. ವೆನಿಲ್ಲಾ ಹಾಕಿದರು, ಬೆಲೆ ಬಿತ್ತು. ಶುಂಠಿ ಹಾಕಿದರು, ಕೊಳೆ ರೋಗ ಬಂತು. ಹೋಂಸ್ಟೇ ಮಾಡಿದರು, ಪಕ್ಕದ ನಾಲ್ಕು ತೋಟದವರೂ ಮಾಡಿದರು. ಆಮೇಲೆ ಜಲಪಾತ ಕಂಡುಹಿಡಿದರು. ಅದು ಅವರಜ್ಜನ ಕಾಲದಿಂದಲೂ ಅಲ್ಲೇ ಬೀಳುತ್ತಿತ್ತು, ಎಮ್ಮೆ ತೊಳೆಯೋಕೆ ಹೋಗುತ್ತಿದ್ದರು. ಈಗ ಸಿನಿಮಾ ಕಂಡುಹಿಡಿಯುತ್ತಿದ್ದಾರೆ. ಐಡಿಯಾ ಅವರ ಮಗನದು. ಮನೆಯಿಂದಲೇ ಕೆಲಸ ಅಂತ ಬೆಂಗಳೂರಿನಿಂದ ಬಂದವನು. ನೆಟ್‌ವರ್ಕ್ ಹುಡುಕಿಕೊಂಡು ದಿನಕ್ಕೆ ನಾಲ್ಕು ಸಲ ಗುಡ್ಡ ಹತ್ತುತ್ತಾನೆ. ಉಳಿದ ಹೊತ್ತಿನಲ್ಲಿ ಸಿನಿಮಾ. ಅದೂ 'ಕಲ್ಟ್' ಸಿನಿಮಾ.

"ಕಲ್ಟ್ ಅಂದ್ರೆ ಎಂತ ಭಾವ?" ಎಂದು ಕೇಳಿದೆ.

"ಬಂದಾಗ ಯಾರೂ ನೋಡಿರಬಾರದು. ಈಗ ಎಲ್ಲರೂ ನೋಡಿದ್ದೇನೆ ಅನ್ನಬೇಕು. ಮಧ್ಯದಲ್ಲಿ ನಿರ್ಮಾಪಕ ಸೈಟು ಮಾರಿರಬೇಕು," ಎಂದರು.

ಇದಕ್ಕಿಂತ ಒಳ್ಳೆಯ ವಿವರಣೆ ನಾನು ಎಲ್ಲೂ ಓದಿಲ್ಲ. ಅಡುಗೆಯ ಅಕ್ಕನಿಗೆ ಮಾತ್ರ ಸಮಾಧಾನ ಆಗಲಿಲ್ಲ. "ಅದು ವೆಜ್ಜಾ ನಾನ್‌ವೆಜ್ಜಾ ಹೇಳಿ, ಹಂದಿ ಬೇಯೋಕೆ ಇಡಬೇಕು," ಎಂದಳು.

ಭಾವ ಹೇಳಿದ್ದರಲ್ಲಿ ಎರಡನೆಯ ಮಾತು ನೋಡಿ, ಎಂಥಾ ಸತ್ಯ. 'ಉಳಿದವರು ಕಂಡಂತೆ' 2014ರಲ್ಲಿ ಬಂತು. ಒಂದೇ ಘಟನೆಯನ್ನು ಬೇರೆ ಬೇರೆಯವರ ಕಣ್ಣಿನಿಂದ ಹೇಳುವ ಕಥೆ. ಅರ್ಥ ಆಗಲಿಲ್ಲ ಅಂತ ಗೊಣಗಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಈಗ ಕೇಳಿ. ನನಗೆ ಗೊತ್ತಿರುವವರೆಲ್ಲ ಅದನ್ನು ಮೊದಲ ದಿನ ಮೊದಲ ಆಟ ನೋಡಿದವರೇ. ಹೇಳುವವರೆಲ್ಲ ಆವತ್ತು ನಿಜಕ್ಕೂ ಹೋಗಿದ್ದರೆ ಅದು ಇಪ್ಪತ್ತೈದು ವಾರ ಓಡುತ್ತಿತ್ತು. ಕಲ್ಟ್ ಆಗುವ ಕರ್ಮ ಅದಕ್ಕೆ ಬರುತ್ತಿರಲಿಲ್ಲ. ಹಿಂದಿಯ 'ತುಂಬಾಡ್' ಅಂತೂ 2018ರಲ್ಲಿ ಗಳಿಸಿದ್ದಕ್ಕಿಂತ 2024ರಲ್ಲಿ ಮತ್ತೆ ಬಿಟ್ಟಾಗ ಜಾಸ್ತಿ ಗಳಿಸಿತು. ಆರು ವರ್ಷ ತಡವಾಗಿಯಾದರೂ ಟಿಕೆಟ್ ತೆಗೆದರಲ್ಲ ಅಂತ ನಾನು ಅವರಿಗೆ ಕೈ ಮುಗಿಯುತ್ತೇನೆ. ನಮ್ಮವರು ತಡವಾಗಿಯೂ ತೆಗೆಯುವುದಿಲ್ಲ. ಲಿಂಕ್ ಕೇಳುತ್ತಾರೆ.

ಮದ್ದು ಸೊಪ್ಪಿನ ವಿಷಯ ಗೊತ್ತಲ್ಲ? ಬೇರೆ ದಿನ ಅದು ಬೇಲಿ ಬದಿಯ ಗಿಡ. ಕಕ್ಕಡದ ಹದಿನೆಂಟನೇ ದಿನ ಹದಿನೆಂಟು ಬಗೆಯ ಔಷಧ ಅದರೊಳಗೆ ಬಂದು ಕೂರುತ್ತದೆ ಅಂತ ನಂಬಿಕೆ, ಅವತ್ತು ಎಲ್ಲರ ಮನೆಯಲ್ಲೂ ಅದರದ್ದೇ ಪಾಯಸ. ಸೋತ ಸಿನಿಮಾವೂ ಹಾಗೇ. ಹದಿನೆಂಟು ವರ್ಷ ಬೇಲಿ ಬದಿಯಲ್ಲಿ ಬಿದ್ದಿರುತ್ತದೆ. ಒಂದು ದಿನ ಇದ್ದಕ್ಕಿದ್ದಂತೆ ಹದಿನೆಂಟು ಅರ್ಥ ಬಂದುಬಿಡುತ್ತದೆ. ನೋಡಿದ ಮರುದಿನ ಬೆಳಿಗ್ಗೆ ಏನು ಕೆಂಪಾಗುತ್ತದೆ ಅಂತ ಕೊಡಗಿನವರಿಗೆ ನಾನು ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ, ಆ ಪಾಯಸ ತಿಂದರೆ ಮೂತ್ರ ಕೆಂಪು.

ಕಲ್ಟ್ ಆಗೋಕೆ ದೊಡ್ಡ ಕಲೆ ಬೇಕು ಅಂತ ನಾನೂ ತಿಳಿದಿದ್ದೆ. ಗುಮಾಸ್ತರ ಮರೆವು ಸಾಕಂತೆ. ಅಮೆರಿಕದಲ್ಲಿ 1946ರಲ್ಲಿ 'ಇಟ್ಸ್ ಎ ವಂಡರ್‌ಫುಲ್ ಲೈಫ್' ಅಂತ ಒಂದು ಚಿತ್ರ ಬಂತು. ಹಾಕಿದ ದುಡ್ಡು ಬರಲಿಲ್ಲ. 28 ವರ್ಷ ಆದಮೇಲೆ ಅದರ ಕಾಪಿರೈಟ್ ಹಕ್ಕನ್ನು ನವೀಕರಿಸಬೇಕಿತ್ತು, 1974ರಲ್ಲಿ ಅದು ಬಿಟ್ಟೇಹೋಯಿತು. ಪುಕ್ಕಟೆ ಸಿಕ್ಕಿತಲ್ಲ, ಅಲ್ಲಿನ ಟಿವಿಯವರು ಕ್ರಿಸ್ಮಸ್ ಬಂದಾಗಲೆಲ್ಲ ಹಾಕಿದರು. ಹಾಕಿ ಹಾಕಿ ಅದು ಮನೆಮನೆಯ ಚಿತ್ರವಾಯಿತು. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಎಂಬ ಹೆಣಗಳ ಚಿತ್ರದ್ದು ಇನ್ನೂ ಚೆಂದ. ಕೊನೆ ಗಳಿಗೆಯಲ್ಲಿ ಹೆಸರು ಬದಲಾಯಿಸಿದರು. ಹೊಸ ಹೆಸರಿನ ಫಲಕ ಹಾಕುವಾಗ ಹಳೆಯದರಲ್ಲಿದ್ದ ಹಕ್ಕಿನ ಸಾಲು ಬಿಟ್ಟುಹೋಯಿತು. ಯಾರು ಬೇಕಾದರೂ ಹಾಕಬಹುದಾಯಿತು, ಹಾಕಿದರು. ನಮ್ಮಲ್ಲಿ ಮರೆವಿಗೆ ಯಾವತ್ತೂ ಕೊರತೆ ಇಲ್ಲ. ಆದರೂ ತಾಲೂಕು ಕಚೇರಿಯ ಮರೆವಿನಿಂದ ಇದುವರೆಗೆ ಒಂದು ಪಹಣಿಯೂ ಕಲ್ಟ್ ಆಗಿಲ್ಲ.

ಇನ್ನು ನಮ್ಮ ಮರೆವು. ಆಗೆಲ್ಲ ದೂರದರ್ಶನದಲ್ಲಿ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಯ ಸಿನಿಮಾ ಬರುತ್ತಿತ್ತು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ. ಬಂಗಾಳಿ, ಮಲಯಾಳ, ಅಸ್ಸಾಮಿ, ದೇಶದ ಒಳ್ಳೊಳ್ಳೆ ಚಿತ್ರಗಳೆಲ್ಲ ನಮ್ಮ ಜಗಲಿಗೇ ಬಂದು ನಿಂತಿದ್ದವು. ಆ ಹೊತ್ತಿಗೆ ನಾವು ಏನು ಮಾಡುತ್ತಿದ್ದೆವು? ಪಂದಿಕರಿ ಕಡುಬು ತಿಂದು ಮಲಗಿರುತ್ತಿದ್ದೆವು. ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವ ಹುಡುಗನೊಬ್ಬನೇ ಎಚ್ಚರ. ಅವನಿಗೆ ಟಿವಿ ಕಾಣುತ್ತಿರಲಿಲ್ಲ. ಈಗ ಅದೇ ಚಿತ್ರಗಳ ಪಟ್ಟಿಯನ್ನು ಅಳಿಯ, ಅದೇ ಭಾವನ ಮಗ, ನನಗೆ ಕಳಿಸುತ್ತಾನೆ. "ಮಾವ, ಇವನ್ನೆಲ್ಲ ಯಾಕೆ ಜಗತ್ತು ಗಮನಿಸಲಿಲ್ಲ?" ಊಟ ಜಾಸ್ತಿ ಆಗಿತ್ತು ಕಣೋ.

'ಘಟಶ್ರಾದ್ಧ'ದ ಹೆಸರು ತೆಗೆದರೆ ನಮ್ಮ ಕ್ಲಬ್ಬಿನಲ್ಲಿ ಒಂದೇ ಉತ್ತರ ಬರುತ್ತಿತ್ತು. "ಅದು ಪ್ರಶಸ್ತಿ ಪಿಚ್ಚರ್ ಅಲ್ವಾ?" ಅಂದರೆ ನೋಡಬೇಕಾಗಿಲ್ಲ ಅಂತ ಅರ್ಥ. 1977ರ ಚಿತ್ರ, ಗಿರೀಶ ಕಾಸರವಳ್ಳಿಯವರದು, ರಾಷ್ಟ್ರಪ್ರಶಸ್ತಿ ಬಂದದ್ದು. ಗೌರವ ಕೊಟ್ಟು ದೂರ ಇಟ್ಟಿದ್ದೆವು, ಹಿರಿಯರಿಗೆ ಇಡುವ ಎಡೆಯ ಹಾಗೆ. 2024ರಲ್ಲಿ ಅದರ ಹಳೆಯ ಪ್ರತಿಯನ್ನು ಸರಿಮಾಡಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಮರುವಾರವೇ ಕ್ಲಬ್ಬಿನಲ್ಲಿ ಅದು "ಹಿಡನ್ ಜೆಮ್" ಆಯಿತು. ಬಚ್ಚಿಟ್ಟವರು ಯಾರು ಅಂತ ಯಾರೂ ಕೇಳಲಿಲ್ಲ. ನೋಡೋಣ ಅಂತಲೂ ಯಾರೂ ಅನ್ನಲಿಲ್ಲ.

ಅಳಿಯನಿಗೆ ಕೊರಿಯಾದ ಸೇಡಿನ ಚಿತ್ರಗಳು ಬಾಯಿಪಾಠ. ಇರಾನಿನ ಮಕ್ಕಳ ಸಿನಿಮಾ ಅಂದರೆ ಕಣ್ಣಲ್ಲಿ ನೀರು. ನಮ್ಮದೇ ಕಾಡಿನ ಹೆಸರಿಟ್ಟುಕೊಂಡು, ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗುವ 'ನಾಗರಹೊಳೆ' 1977ರಲ್ಲೇ ಬಂದಿದೆ ಮಾರಾಯ ಅಂದೆ. ಅದು ಸಫಾರಿ ಅಲ್ವಾ ಮಾವ ಅಂದ. ಕೊಡವ ಭಾಷೆಯ ಮೊದಲ ಚಿತ್ರ 'ನಾಡ ಮಣ್ಣೇ ನಾಡ ಕೂಳು', 1972ರದ್ದು, ಕೇಳಿದ್ದೀಯಾ ಅಂದೆ. ಫೋನ್ ತೆಗೆದು ಹುಡುಕಿದ. "ರೇಟಿಂಗೇ ಇಲ್ಲ ಮಾವ," ಎಂದು ವಾಪಸ್ ಜೇಬಿಗೆ ಹಾಕಿದ. ಯಾರೂ ನೋಡದ ಚಿತ್ರ ಬೇಕು, ಆದರೆ ಎಂಟು ಸಾವಿರ ಜನ ನೋಡಿ ನಕ್ಷತ್ರ ಕೊಟ್ಟಿರಬೇಕು. ನಿಜಕ್ಕೂ ಈಗ ಯಾರೂ ನೋಡಲಾಗದ ಚಿತ್ರ ಬೇಕಿದ್ದರೆ ನಮ್ಮ ಮೊದಲ ಟಾಕಿ 'ಸತಿ ಸುಲೋಚನ'ವೇ ಇದೆ. 1934ರದ್ದು, ಒಂದು ಪ್ರಿಂಟೂ ಉಳಿದಿಲ್ಲ. ಅದು ಯಾರ ಪಟ್ಟಿಯಲ್ಲೂ ಇಲ್ಲ. ನೋಡಿದ್ದೇನೆ ಅಂತ ಸುಳ್ಳು ಹೇಳೋಕೂ ಆಗೋದಿಲ್ಲವಲ್ಲ, ಏನು ಪ್ರಯೋಜನ.

ಹುಡುಗರನ್ನು ಬೈದು ಉಪಯೋಗವಿಲ್ಲ. ಕೊಡಗಿಗೂ ಸಿನಿಮಾಕ್ಕೂ ಇರುವ ಸಂಬಂಧವೇ ಅಂಥದ್ದು. ಮಾಂದಲ್‌ಪಟ್ಟಿ ನಮಗೆ ದನ ತಪ್ಪಿಸಿಕೊಂಡರೆ ಹುಡುಕುವ ಜಾಗವಾಗಿತ್ತು. 2008ರಲ್ಲಿ 'ಗಾಳಿಪಟ' ಬಂತು, ಅದು ಮುಗಿಲುಪೇಟೆಯಾಯಿತು. ಈಗ ಬೆಳಗಿನ ಜಾವಕ್ಕೇ ಜೀಪಿನ ಸಾಲು. ಮಂಜು ನೋಡೋಕೆ ಬಂದವರು ಮುಂದಿನ ಜೀಪಿನ ಹೊಗೆ ನೋಡಿಕೊಂಡು ಇಳಿಯುತ್ತಾರೆ.

ಆ ರಾತ್ರಿಯ ಚಿತ್ರಕ್ಕೆ ಬರುತ್ತೇನೆ. ಹೆಸರು ಹೇಳುವ ಹಾಗಿಲ್ಲ. ಹೇಳಿದರೆ ನೀವೂ ನೋಡಿಬಿಡುತ್ತೀರಿ, ಆಮೇಲೆ ಅದು ಕಲ್ಟ್ ಆಗಿ ಉಳಿಯುವುದಿಲ್ಲ ಅಂತ ಅಳಿಯ ಎಲ್ಲರಿಂದ ಮಾತು ತೆಗೆದುಕೊಂಡಿದ್ದಾನೆ. 90ರ ದಶಕದ ಶುರುವಿನ ಕನ್ನಡ ಥ್ರಿಲ್ಲರ್ ಅಂತ ಮಾತ್ರ ತಿಳಿದುಕೊಳ್ಳಿ. ನಾನು ಆಗ ಇಲ್ಲೇ ಶಾಲೆಯಲ್ಲಿ ಮೇಷ್ಟ್ರು. "ಇದನ್ನು ನಾನು ಮೊದಲ ದಿನವೇ ನಮ್ಮ ಟಾಕೀಸಿನಲ್ಲಿ ನೋಡಿದ್ದೆ," ಎಂದು ಬೆಂಗಳೂರಿನವರ ಮುಂದೆ ಹೇಳಿದೆ. ಹದಿನೇಳು ಜನ ನನ್ನನ್ನು ತಲಕಾವೇರಿ ನೋಡಿದ ಹಾಗೆ ನೋಡಿದರು.

ಕಾಫಿ ಒಣಗಿಸುವ ಕಣಕ್ಕೆ ಟಾರ್ಪಾಲು ಕಟ್ಟಿದ್ದರು. ಅಕ್ಕನ ಮನೆಯ ಬಿಳಿ ಬೆಡ್‌ಶೀಟು ಪರದೆ. ಮಳೆ ಎಂದರೆ ಟಾರ್ಪಾಲಿನ ಮೇಲೆ ಯಾರೋ ಕಾಳುಮೆಣಸು ಸುರಿದ ಹಾಗೆ. ಸಿನಿಮಾ ಶುರುವಾಗುವ ಮೊದಲು ಒಂದೂವರೆ ಗಂಟೆ ಈ ಚಿತ್ರವನ್ನು ಯಾಕೆ ಯಾರೂ ನೋಡಲಿಲ್ಲ ಎಂಬ ಚರ್ಚೆ. ಆಮೇಲೆ ಫೋಟೋ. ಪರದೆಯ ಫೋಟೋ, ಪರದೆಯ ಮುಂದೆ ಕಾಫಿ ಲೋಟದ ಫೋಟೋ, ಕಾಲಿಗೆ ಹತ್ತಿದ ಜಿಗಣೆಯ ಫೋಟೋ.

ಅಳಿಯ ಸಂಪಾದಿಸಿದ್ದ ಪ್ರತಿ ಯಾರೋ ಟಿವಿಯಿಂದ ಇಳಿಸಿಕೊಂಡದ್ದು. ಮೂಲೆಯಲ್ಲಿ ಚಾನೆಲ್ಲಿನ ಗುರುತು. ಒಂದೂವರೆ ಗಂಟೆ ಚೆನ್ನಾಗಿಯೇ ಹೋಯಿತು. ಒಂದು ದೃಶ್ಯದಲ್ಲಿ ನಾಯಕ ಬಾವಿಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಮುಂದಿನ ದೃಶ್ಯದಲ್ಲಿ ಅವನ ಕೈಗೆ ಪ್ಲಾಸ್ಟರ್, ಪಕ್ಕದಲ್ಲಿ ಎರಡು ವರ್ಷದ ಮಗು. ಅಳಿಯ ಅಲ್ಲಿಗೇ ನಿಲ್ಲಿಸಿದ. ಕಾಲವನ್ನು ಹೀಗೆ ಮುರಿಯುವ ಧೈರ್ಯ ಆಗಿನ ಕಾಲಕ್ಕೆ ಕನ್ನಡದಲ್ಲಿ ಒಬ್ಬರಿಗಾದರೂ ಇತ್ತಲ್ಲ ಎಂದು ಶುರುಮಾಡಿದವನು ಫ್ರಾನ್ಸು ಜಪಾನು ಎಲ್ಲ ಸುತ್ತಿಸಿ ತಂದ. ಒಬ್ಬ ಹುಡುಗಿ ಮಗುವನ್ನು ನಾಯಕನ ಒಳಮನಸ್ಸು ಅಂದಳು. ಪ್ಲಾಸ್ಟರು ಸಮಾಜ ಅಂತ ಇನ್ನೊಬ್ಬ. ನಾನೂ ತಲೆ ಆಡಿಸಿದೆ. ಮೊದಲ ದಿನವೇ ನೋಡಿದವನಲ್ವಾ.

"ಅಲ್ಲಿ ಒಂಬತ್ತನೇ ರೀಲು ಇಲ್ಲ," ಎಂದು ಹಿಂದಿನಿಂದ ಒಂದು ದನಿ ಬಂತು.

ಜನರೇಟರ್ ನೋಡಿಕೊಳ್ಳೋಕೆ ಬಂದಿದ್ದ ಮುದುಕರು. ಮುಚ್ಚಿಹೋದ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವರು. ಊರಲ್ಲಿ ಎಲ್ಲರೂ ಆಪರೇಟರಣ್ಣ ಅಂತಲೇ ಕರೆಯುವುದು. ಕಾರ್ಬನ್ ಕಡ್ಡಿ ಉರಿಸಿ, ಆ ಸೆಕೆಯಲ್ಲಿ ನಿಂತು, ಗೋಡೆಯ ಕಿಂಡಿಯಿಂದ ಆಟಕ್ಕೆ ಆಟ ನೋಡಿದವರು. ಸೋತ ಸಿನಿಮಾವನ್ನು ಪೂರ್ತಿ ನೋಡಿದವನು ಊರಿಗೆ ಒಬ್ಬನೇ ಇರುತ್ತಿದ್ದ. ಅದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು.

"ಕೊನೇ ಬಸ್ಸು ಒಂಬತ್ತೂವರೆಗೆ ಇತ್ತು ನೋಡಿ. ಪೂರ್ತಿ ಹಾಕಿದರೆ ನಾಪೋಕ್ಲು ಕಡೆಯವರಿಗೆ ಬಸ್ ಸಿಗೋದಿಲ್ಲ. ಓನರ್ರು ಒಂಬತ್ತನೇದು ಬಿಡು ಅಂತಿದ್ರು. ಟಿವಿಯವರಿಗೆ ಸಿಕ್ಕಿದ್ದು ಇಂಥದ್ದೇ ಯಾವುದೋ ಪ್ರಿಂಟು ಇರಬೇಕು. ಅಲ್ಲೂ ಯಾವುದೋ ಬಸ್ಸಿತ್ತೇನೋ."

ಅಳಿಯನ ಮುಖ ನೋಡೋಕೆ ಆಗಲಿಲ್ಲ. ನೋಡುವ ಅಗತ್ಯವೂ ಬರಲಿಲ್ಲ, ಅಷ್ಟೊತ್ತಿಗೆ ಕರೆಂಟು ಹೋಯಿತು. ಜನರೇಟರಿಗೆ ನೀರು ಹೊಕ್ಕಿತ್ತು, ಸ್ಟಾರ್ಟ್ ಆಗಲಿಲ್ಲ. ಕತ್ತಲಲ್ಲಿ ಯಾರೋ ಕೇಳಿದರು, "ಅಂಕಲ್, ಒಂಬತ್ತನೇ ರೀಲಲ್ಲಿ ಏನಿತ್ತು?"

ಅವರು ಹೇಳಿದರು. ಬಾವಿಕಟ್ಟೆಯಿಂದ ಅವನು ಏಳುತ್ತಾನೆ. ನೀರಿಗೆ ಬಿದ್ದ ಮಗುವಿನ ಸದ್ದು ಮೊದಲು ಕೇಳುತ್ತದೆ, ಮಗು ಆಮೇಲೆ ಕಾಣುತ್ತದೆ. ಹಗ್ಗ ಎಲ್ಲಿತ್ತು, ಕೈ ಯಾವ ಕಲ್ಲಿಗೆ ಬಡಿಯಿತು, ಹಿಂದೆ ರೇಡಿಯೋದಲ್ಲಿ ಏನು ಬರುತ್ತಿತ್ತು, ಎಲ್ಲ ಹೇಳಿದರು. ಪಕ್ಕಕ್ಕೆ ಬಂದ ಗೀರು ಎಷ್ಟು ಹೊತ್ತು ಪರದೆ ಮೇಲೆ ಇತ್ತು ಅಂತಲೂ ಹೇಳಿದರು. ಇಪ್ಪತ್ತು ನಿಮಿಷ ಹಿಡಿಯಿತು. ಒಂದೇ ಒಂದು ಫೋನಿನ ಬೆಳಕು ಕಾಣಲಿಲ್ಲ.

ಮುಗಿದ ಮೇಲೆ ಭಾವ ಬಹಳ ಹೊತ್ತು ಸುಮ್ಮನಿದ್ದರು. ಅವರು ಸುಮ್ಮನಿದ್ದರೆ ನನಗೆ ಭಯ.

ಮುಂದಿನ ವಾರ ಬೋರ್ಡಿಗೆ ಮೂರನೆಯ ಸಾಲು ಬಂತು. "ಯಾರಿಗೂ ಗೊತ್ತಿಲ್ಲದ ಆಪರೇಟರ್. ಕಳೆದುಹೋದ ರೀಲುಗಳ ಕಥೆ, ಕತ್ತಲಲ್ಲಿ. ತಲಾ 300 ರೂ. ಊಟ ಬೇರೆ." ಶನಿವಾರ ಹೋದೆ. ಗೇಟಿನಿಂದ ರಸ್ತೆಯ ತಿರುವಿನವರೆಗೂ ಕಾರು. ಕರೆಂಟು ಇದ್ದರೂ ಮೇನ್ ಸ್ವಿಚ್ ಆಫ್ ಮಾಡಿದ್ದರು. ಆಪರೇಟರಣ್ಣ ಹೊಸ ಶರಟು ಹಾಕಿಕೊಂಡು, ಬಾಗಿಲ ಹತ್ತಿರ ತಾವೇ ಟಿಕೆಟ್ ಹರಿಯುತ್ತಿದ್ದರು. ನಾನು ಜೇಬಿಗೆ ಕೈ ಹಾಕಿದೆ.

"ಬೇಡ ಮೇಷ್ಟ್ರೇ, ಒಳಗೆ ಹೋಗಿ," ಎಂದರು. ಕಿವಿಯ ಹತ್ತಿರ ಬಾಗಿ, ಬೆಂಗಳೂರಿನವರಿಗೆ ಕೇಳಿಸದ ಹಾಗೆ ಹೇಳಿದರು, "ಮೊದಲ ದಿನ ಹನ್ನೊಂದು ಜನ ಇದ್ದರು. ಅದರಲ್ಲಿ ನಾಲ್ಕು ಜನ ಮಳೆಗೆ ನಿಂತವರು. ನೀವು ಅವರಲ್ಲೂ ಇರಲಿಲ್ಲ."