ಡ್ರೋನ್ ಇವರದು, ಹಾಡು ಯಾರದೋ

ಮೈಸೂರಿನಲ್ಲಿ ಬೆಳಗಿನ ಹೊತ್ತು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನೆಟ್ಟಗೆ ನಡೆದು ಹೋಗುವುದು ಈಗ ಕಷ್ಟ. ಯಾರೋ ಒಬ್ಬ ಹುಡುಗ ಗಿಟಾರ್ ಹಿಡಿದು ಕೆರೆಯನ್ನೇ ದಿಟ್ಟಿಸುತ್ತಿರುತ್ತಾನೆ. ಅವನ ಗೆಳೆಯ ಅಡ್ಡ ಬಂದು, "ಅಂಕಲ್, ಒಂದ್ನಿಮಿಷ, ಶಾಟ್ ಹೋಗ್ತಿದೆ" ಅನ್ನುತ್ತಾನೆ. ಬಿ.ಪಿ. ಇಳಿಸಲು ಬಂದ ಅಂಕಲ್‌ಗಳು ಬಿ.ಪಿ. ಏರಿಸಿಕೊಂಡು ನಿಲ್ಲುತ್ತಾರೆ. ಯಾವ ಹಾಡು? ಕೇಳಬೇಕೇ! ‘ಎಂದೆಂದೂ ನಿನ್ನನು ಮರೆತು’.

ಹಾಡು 1974ರ ‘ಎರಡು ಕನಸು’ ಚಿತ್ರದ್ದು. ಬರೆದವರು ಚಿ. ಉದಯಶಂಕರ್. ಹಾಡಿದವರು ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ. ಸಂಗೀತ ರಾಜನ್–ನಾಗೇಂದ್ರ. ಈ ಅಣ್ಣ ತಮ್ಮ ಹುಟ್ಟಿದ್ದು ಇದೇ ಮೈಸೂರಿನ ಶಿವರಾಂಪೇಟೆಯಲ್ಲಿ. ಅವರ ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ಹಾರ್ಮೋನಿಯಂ, ಕೊಳಲು ನುಡಿಸುತ್ತಿದ್ದವರು. ಪರದೆ ಮುಂದೆ ಕತ್ತಲಲ್ಲಿ ಕೂತು ನುಡಿಸುವವರ ಹೆಸರು ಕೇಳಿದವರು ಕಡಿಮೆಯೇ ಇರಬೇಕು. ಮಕ್ಕಳಿಗೂ ಅದೇ ಮರ್ಯಾದೆ ಸಿಗಲಿ ಅಂತ ಹಳೇ ಹಾಡನ್ನು ತಾವೇ ಮತ್ತೆ ಹಾಡಿ ವಿಡಿಯೋ ಮಾಡುವ ನಮ್ಮ ಕವರ್ ಗಾಯಕರು ಈಗ ಹಗಲಿರುಳು ದುಡಿಯುತ್ತಿದ್ದಾರೆ.

ನಂಬಿಕೆ ಇಲ್ಲದಿದ್ದರೆ ವಿಡಿಯೋ ಕೊನೆಯಲ್ಲಿ ಓಡುವ ಹೆಸರುಗಳನ್ನು ಓದಿ. ಮೊದಲ ಸಾಲು ತಾಯಿ ಚಾಮುಂಡೇಶ್ವರಿಗೆ. ಆಮೇಲೆ ಡ್ರೋನ್ ಕೊಟ್ಟವರು, ಬಣ್ಣ ತಿದ್ದಿದವರು, ಸೀರೆ ಕೊಟ್ಟ ಬುಟಿಕ್, ಗಡ್ಡ ಟ್ರಿಮ್ ಮಾಡಿದ ಸಲೂನ್. ಶೂಟಿಂಗ್ ದಿನ ಇಡ್ಲಿ ಕೊಡಿಸಿದ ಚಿಕ್ಕಪ್ಪನಿಗೆ ವಿಶೇಷ ಧನ್ಯವಾದ. ರಾಗ ಹಾಕಿದವರ ಜಾಗದಲ್ಲಿ ‘ಹಳೇ ಕನ್ನಡ ಹಾಡು’ ಅಂತಿರುತ್ತದೆ, ಹೊಲದಲ್ಲಿ ತಾನಾಗೇ ಬೆಳೆದ ಸೊಪ್ಪಿನ ಹಾಗೆ. ‘ಮರುಸೃಷ್ಟಿ’ ಅಂತ ಹಾಡಿದವನ ಹೆಸರು ಮಾತ್ರ ದಪ್ಪಕ್ಷರದಲ್ಲಿ.

ಏನು ಮರುಸೃಷ್ಟಿ? ಹಾಡಿನ ವೇಗ ಅರ್ಧ ಮಾಡಿದ್ದಾರೆ. ಹಿಂದೆ ಮಳೆ ಸದ್ದು ಸೇರಿಸಿದ್ದಾರೆ. ಎರಡನೇ ಚರಣ ಬಾಯಿಪಾಠ ಇರಲಿಲ್ಲ, ಬಿಟ್ಟಿದ್ದಾರೆ. ಆ ಜಾಗಕ್ಕೆ ರಾಪ್ ಬಂದಿದೆ. ಅದರಲ್ಲಿ ‘ಬ್ರೋ’ ಅನ್ನುವುದೊಂದೇ ಸ್ಪಷ್ಟ.

ಮಂಡ್ಯ ಕಡೆ ಇಷ್ಟು ನಾಜೂಕಿಲ್ಲ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ನಿರೂಪಕ ಮೈಕ್ ಹಿಡಿದು, "ಈಗ ಅಣ್ಣಾವ್ರ ಕಂಠದಲ್ಲಿ ಬಂದ ಅದ್ಭುತ ಗೀತೆ" ಅಂತ ಇದನ್ನೇ ಶುರು ಮಾಡಿಸುತ್ತಾನೆ. ಶಿಳ್ಳೆಯೋ ಶಿಳ್ಳೆ. ಪಿ.ಬಿ.ಎಸ್. ಅಣ್ಣಾವ್ರಿಗೆ ಎಷ್ಟು ಚೆನ್ನಾಗಿ ಒಗ್ಗಿದರೆಂದರೆ, ಅವರ ಗಂಟಲನ್ನೂ ನಾವು ಅಣ್ಣಾವ್ರ ಖಾತೆಗೇ ಬರೆದುಬಿಟ್ಟಿದ್ದೇವೆ. ಮುಂದೆ ಕೂತ ಹಿರಿಯರು, "ಲೋ, ಅದು ಪಿ.ಬಿ. ಶ್ರೀನಿವಾಸು ಕಣ್ಲಾ!" ಅಂತ ಕೂಗಿದರೆ, "ಯಜಮಾನ್ರು ಒನ್ಸ್ ಮೋರ್ ಅಂತಾವ್ರೆ" ಎಂದು ಇನ್ನೊಮ್ಮೆ ಹಾಡಿಸುತ್ತಾನೆ.

ಇದಕ್ಕೆಲ್ಲ ಕಾನೂನಿಲ್ವಾ? ಇದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಕವರ್ ಹಾಡಿಗೆಂದೇ 31ಸಿ ಅನ್ನುವ ಕಲಂ ಸೇರಿಸಿದರು. ಮೂಲ ಹಾಡು ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು. ಮೊದಲೇ ತಿಳಿಸಿ ರಾಯಲ್ಟಿ ಕಟ್ಟಬೇಕು, ಅದೂ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ. ತಾಂತ್ರಿಕವಾಗಿ ಬೇಕಿಲ್ಲದ ಬದಲಾವಣೆಯನ್ನು ಒಪ್ಪಿಗೆ ಇಲ್ಲದೆ ಮಾಡಬಾರದು. ‘ಬ್ರೋ’ ತಾಂತ್ರಿಕವಾಗಿ ಬೇಕೇ ಬೇಕಿತ್ತು ಅಂತ ವಾದಿಸುವ ವಕೀಲರು ಹುಡುಕಿದರೆ ಸಿಗಬಹುದು. ದೇವರ ಕಾರ್ಯ, ಸರ್ಕಾರಿ ಸಮಾರಂಭ, ಮದುವೆ ಮೆರವಣಿಗೆಯಲ್ಲಿ ಹಾಡಿದರೆ, ನುಡಿಸಿದರೆ ಇದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಮದುಮಗನ ಗೆಳೆಯರನ್ನು ಸಂಸತ್ತಿನವರೂ ನೋಡಿರಬೇಕು, ಸುಮ್ನೆ ಕೈಬಿಟ್ಟಿದ್ದಾರೆ.

ನಾಡಗೀತೆ ವಿಷಯಕ್ಕೆ ಬಂದರೆ ನಾವು ಹೀಗಲ್ಲ. ಯಾರ ಧಾಟಿ, ಎಷ್ಟು ನಿಮಿಷ ಅಂತ ವರ್ಷಗಟ್ಟಲೆ ಕಿತ್ತಾಡಿದೆವು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ಆದೇಶ ಮಾಡಿತು. ಅದೂ ಹೈಕೋರ್ಟ್ ಮೆಟ್ಟಿಲೇರಿತು. ರಾಜನ್–ನಾಗೇಂದ್ರರಿಗಾಗಿ ಅದರ ಕಾಲುಭಾಗ ಜಗಳವಾದರೂ ಆಗಬಾರದಿತ್ತೇ?

ಜಗಳ ಇಲ್ಲವೇ ಇಲ್ಲ ಅನ್ನುವ ಹಾಗೂ ಇಲ್ಲ. ಮೊನ್ನೆ ಒಬ್ಬ ಕವರ್ ಗಾಯಕ ಇನ್ನೊಬ್ಬನ ಮೇಲೆ ಕೆಂಡ ಕಾರುತ್ತಿದ್ದ. ಕಾರಣ ಕೇಳಿದೆ.

"ಸಾರ್, ಹಿಂದೆ ಮಳೆ ಸದ್ದು ಹಾಕುವ ಐಡಿಯಾ ನಂದು. ಕದ್ದಿದ್ದಾನೆ. ಒಂದು ಮಾತು ಹೆಸರು ಹಾಕೋ ಸಂಸ್ಕಾರ ಬೇಡ್ವಾ?"