ಅಟ್ಟದಿಂದ ಇಳಿದ ರೀಲು, ಅದಕ್ಕೊಂದು ರೇಟು

ಮೈಸೂರಲ್ಲಿ ಹಳೇ ಮನೇನ ಬಿಲ್ಡರ್‌ಗೆ ಕೊಟ್ಟು ಎರಡು ಫ್ಲಾಟ್ ಇಸ್ಕೊಳ್ಳೋದು ಶುರುವಾದ್ಮೇಲೆ ಅಟ್ಟದಿಂದ ಇಳೀತಿರೋ ಸಾಮಾನಿಗೆ ಲೆಕ್ಕಾನೇ ಇಲ್ಲ. ಕೊಪ್ಪರಿಗೆ, ತೊಟ್ಟಿಲು, ಉಪ್ಪಿನಕಾಯಿ ಭರಣಿ, ಇವಕ್ಕೆಲ್ಲ ಗಿರಾಕಿನೂ ಗೊತ್ತು ರೇಟೂ ಗೊತ್ತು. ಆದ್ರೆ ಕೆಲವು ಮನೇಲಿ, ಅದ್ರಲ್ಲೂ ತಾತ ಅರಮನೆ ಕೆಲಸದಲ್ಲೋ ಕಾಫಿ ಎಸ್ಟೇಟಲ್ಲೋ ಇದ್ದು ದೊರೆಗಳ ಜತೆ ಓಡಾಡ್ಕೊಂಡಿದ್ದವರ ಮನೇಲಿ, ಒಂದು ಉದ್ದನೆ ಬಟ್ಟೆ ಚೀಲ ಇಳಿಯತ್ತೆ. ಒಳಗೆ ಗಾಳದ ರಾಡಿನ ಮೂರ್ನಾಲ್ಕು ಬಿದಿರಿನ ತುಂಡು, ದಾರ ಸುತ್ತೋ ಒಂದು ಹಿತ್ತಾಳೆ ರೀಲು, ಮುಚ್ಚಳ ತುಕ್ಕು ಹಿಡಿದ ತಗಡಿನ ಡಬ್ಬಿ. ಆಗ ನಂಗೆ ಫೋನು. ನಾನು ಕೆರೆ ಏರಿ ಮೇಲೆ ಗಾಳ ಹಿಡ್ಕೊಂಡು ಕೂರೋನು ಅಂತ ಊರಿಗೆಲ್ಲ ಗೊತ್ತಲ್ಲ, 'ಒಂದ್ಸಲ ಬಂದು ನೋಡಿ ಹೇಳಿ, ಎಷ್ಟು ಬರ್ಬಹುದು' ಅಂತಾರೆ. ನೋಡಕ್ಕೆ ಹೋಗೋದು ಇಷ್ಟ, ಹೇಳೋದು ಕಷ್ಟ.

ಯಾಕಂದ್ರೆ ಚೀಲ ಬಿಚ್ಚೋಕೂ ಮುಂಚೆ ಕಾಫಿ ಬರತ್ತೆ, ಕಾಫಿ ಜತೆ ಕತೆ ಬರತ್ತೆ. ನಮ್ಮ ತಾತ ಇದ್ರಲ್ಲೇ ಕಬಿನೀಲಿ ಅಷ್ಟು ದೊಡ್ಡ ಬಿಳಿಮೀನು, ಅಂದ್ರೆ ಮಹಶೀರ್, ಹಿಡಿದಿದ್ರಂತೆ, ಹರಿಗೋಲನ್ನೇ ಮೈಲಿ ದೂರ ಎಳ್ಕೊಂಡು ಹೋಗಿತ್ತಂತೆ. 1946ರಲ್ಲಿ ಕಬಿನೀಲಿ ಮೈಸೂರಿನ ವ್ಯಾನ್ ಇಂಗೆನ್ ಮನೆಯ ಡಿ ವೆಟ್ ವ್ಯಾನ್ ಇಂಗೆನ್ ಅವರು 120 ಪೌಂಡಿನ ಮಹಶೀರ್ ಹಿಡಿದ್ರು, ಅಂದ್ರೆ ಹೆಚ್ಚುಕಮ್ಮಿ 54 ಕೇಜಿ, ಗಾಳದಲ್ಲಿ ಸಿಕ್ಕಿದ್ದ ಮಹಶೀರ್‌ಗಳಲ್ಲಿ ಅದೇ ದಾಖಲೆ ಅಂತಾರೆ. ಹುಲಿ ಚಿರತೆ ಚರ್ಮಕ್ಕೆ ಜೀವ ಬಂದಂಗೆ ಕಾಣೋ ಹಾಗೆ ಹದ ಮಾಡಿ ಪ್ರಪಂಚಕ್ಕೆಲ್ಲ ಕಳಿಸ್ತಿದ್ರಲ್ಲ, ಅದೇ ಮನೆಯೋರು. ಆ ಮೀನು ಸಿಕ್ಕಿದ್ದೇ ಸಿಕ್ಕಿದ್ದು, ಊರಿನ ಬೇರೆ ತಾತಂದಿರು ಹಿಡಿದ ಮೀನೆಲ್ಲ ವರ್ಷಾವರ್ಷ ಬೆಳೀತಾನೇ ಇವೆ. ಬೆಳೀಲಿ ಬಿಡಿ, ಯಾರ ಗಂಟೇನು ಹೋಗತ್ತೆ. ಕೊಳ್ಳೋನು ಮಾತ್ರ ಈ ಕತೆಗೆ ಒಂದು ಪೈಸೆ ಬಿಚ್ಚಲ್ಲ. ತಾತನ ಹೆಸರು ಕೊರೆದಿರೋ ರೀಲಿನ ಜತೆ ಅದೇ ರೀಲು ಕಾಣೋ ಫೋಟೋನೋ, ಅವತ್ತಿನ ಅಂಗಡಿ ಬಿಲ್ಲೋ ಇದ್ರೆ ಆಗ ಮಾತು ಬೇರೆ. ಅದಕ್ಕೇ ಕತೆ ಕೇಳಿ ಮುಗಿಸಿ ನಾನು ಕೇಳೋ ಮೊದಲ ಪ್ರಶ್ನೆ, 'ಕಾಗದ ಪತ್ರ ಏನಾದ್ರೂ ಇದ್ಯಾ?' ಅದನ್ನೆಲ್ಲ ಹೋದ್ವಾರ ರದ್ದಿಗೆ ಹಾಕಿರ್ತಾರೆ.

ಈ ವ್ಯಾಪಾರದ ನ್ಯಾಯ ತಲೆಕೆಳಗು ಕಣ್ರೀ. ಹೆಚ್ಚು ಮೀನು ಹಿಡಿದ ಸಾಮಾನಿಗೆ ಕಮ್ಮಿ ಬೆಲೆ, ನೀರನ್ನೇ ನೋಡದೆ ಡಬ್ಬದಲ್ಲಿ ಮಲಗಿದ್ದಕ್ಕೆ ಜಾಸ್ತಿ ಬೆಲೆ. ಖಾಲಿ ರಟ್ಟಿನ ಡಬ್ಬಕ್ಕೇ ದುಡ್ಡು ಕೊಡೋ ಜನ ಇದ್ದಾರೆ. ಅಮೆರಿಕದಲ್ಲಿ 1859ರಲ್ಲಿ ಪೇಟೆಂಟ್ ಆದ ಹ್ಯಾಸ್ಕೆಲ್ ಮಿನ್ನೋ ಅಂತ ತಾಮ್ರದ ಹುಸಿಮೀನು ಒಂದಿದೆ, ಅದ್ರ ದೊಡ್ಡ ಸೈಜಿಂದು 2003ರ ಹರಾಜಲ್ಲಿ ಒಂದು ಲಕ್ಷ ಡಾಲರ್ ದಾಟಿ ಹೋಯ್ತು. ಈ ಸುದ್ದಿ ನಾನೇ ಒಂದ್ಮನೇಲಿ ಬಾಯ್ತಪ್ಪಿ ಹೇಳ್ಬಿಟ್ಟು, ಅವರು ಡಬ್ಬೀಲಿದ್ದ ಪ್ರತಿ ಸ್ಪೂನನ್ನೂ, ಅಂದ್ರೆ ಚಮಚದಂಗಿರೋ ಹುಸಿಮೀನನ್ನೂ, ಬೆಳಕಿಗೆ ಹಿಡಿದು ಹಿಡಿದು ನೋಡಕ್ಕೆ ಶುರು ಮಾಡಿದ್ರು.

ಸರಸ್ವತಿಪುರಂನಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರ ಮನೆ. ಮನೇಲಿ ಬೆಳ್ಳುಳ್ಳಿಗೂ ಪ್ರವೇಶ ಇಲ್ಲ, ಆದ್ರೆ ಮೇಷ್ಟ್ರ ತಂದೆ ಮಾತ್ರ ಭಾನುವಾರ ಆದ್ರೆ ಹೊಳೆಗೆ, ಹಿಡಿದಿದ್ದನ್ನ ಅಂಬಿಗರಿಗೆ ಕೊಟ್ಟು ಅಲ್ಲೇ ಸ್ನಾನ ಮಾಡ್ಕೊಂಡು ಮನೆಗೆ. ನಾನು ಹೋಗೋ ಹೊತ್ತಿಗೆ ಟೀಪಾಯ್ ಮೇಲೆ ಒಂದು ಹಿತ್ತಾಳೆ ರೀಲು ಫಳಫಳ ಅಂತಿದೆ. ಅಂಚಿನ ಸಂದೀಲಿ ಇನ್ನೂ ಒಂಚೂರು ಹುಣಸೆ ನಾರು, ನಡುವೆ ಸ್ಕ್ರೂ ಮೇಲೆ ಕುಂಕುಮ.

'ನೀವು ಬರ್ತೀರಿ ಅಂತ ನಿನ್ನೆನೇ ಉಜ್ಜಿಟ್ಟೆ' ಅಂದ್ರು ಅಮ್ಮಾವ್ರು. 'ವರ್ಷಾ ಆಯುಧಪೂಜೆಗೂ ಉಜ್ತೀನಿ. ನಮ್ಮತ್ತೆ ಕಾಲದಿಂದ್ಲೂ ಅಷ್ಟೇ.'

ಏನು ಹೇಳೋದು ಹೇಳಿ. ಆಗಿನ ಕಾರ್ಖಾನೆಯೋರು ಎಷ್ಟೋ ಹಿತ್ತಾಳೆ ರೀಲಿಗೆ ಬೇಕಂತ್ಲೇ ಕಂಚಿನ ಕಂದುಬಣ್ಣ ಏರಿಸ್ತಿದ್ರು, ಬಿಸಿಲಿಗೆ ಹೊಳೆದ್ರೆ ಮೀನು ಬೆದರತ್ತೆ ಅಂತ. ಸಂಗ್ರಹ ಮಾಡೋರು ಮೊದಲು ಹುಡುಕೋದು ಆ ಬಣ್ಣ ಎಷ್ಟು ಉಳಿದಿದೆ ಅನ್ನೋದನ್ನ. ಅತ್ತೆ ಸೊಸೆ ಸೇರಿ ಎರಡು ತಲೆಮಾರು ಹುಣಸೆಹಣ್ಣು ಹಾಕಿ ತಿಕ್ಕಿದ ಮೇಲೆ ಅದೆಲ್ಲಿ ಉಳಿಯತ್ತೆ, ತಯಾರಕರ ಹೆಸರೇ ಸವೆದು ಎರಡಕ್ಷರ ಮಾತ್ರ ನಿಂತಿತ್ತು. ಬೆಲೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು ಅಂತ ನಾನು ಹೇಳ್ಲಿಲ್ಲ. ಪೂಜೆ ಮಾಡಿದ ಸಾಮಾನು, ಮನೇಲೇ ಇಟ್ಕೊಳ್ಳಿ ಅಂದೆ. ಅದು ಸುಳ್ಳೂ ಅಲ್ಲ. ವರ್ಷಕ್ಕೊಂದ್ಸಲ ಹೂವು ಇಡಿಸ್ಕೊಳ್ಳೋ ರೀಲು ಇಂಗ್ಲೆಂಡಲ್ಲಿ ಯಾವನ ಹತ್ರ ಇದೆ?

ಇನ್ನೊಂದು ಮನೇಲಿ ಇದಕ್ಕೆ ಉಲ್ಟಾ. ಅಲ್ಲಿದ್ದಿದ್ದು ಹಾರ್ಡಿ. ಇಂಗ್ಲೆಂಡಿನ ಆನಿಕ್ ಅನ್ನೋ ಊರಲ್ಲಿ 1872ರಲ್ಲಿ ಶುರುವಾದ ಹಾರ್ಡಿ ಬ್ರದರ್ಸ್ ಅಂದ್ರೆ ಈ ಲೋಕದಲ್ಲಿ ದೊಡ್ಡ ಹೆಸರು, 1890ರ ದಶಕದಿಂದ ಬಂದ ಅವರ 'ಪರ್ಫೆಕ್ಟ್' ರೀಲು, ಒಳಗೆ ಬಾಲ್ ಬೇರಿಂಗ್ ಇರೋದು, ಈಗ್ಲೂ ಜನ ಹುಡ್ಕೊಂಡು ಕೊಳ್ತಾರೆ. ಈ ಮನೆಯೋರು ಅದನ್ನ ಮೊಮ್ಮಗೂಗೆ ಆಟ ಆಡಕ್ಕೆ ಕೊಟ್ಟಿದ್ರು. ಯಾಕೆ ಅಂದ್ರೆ ಒಳಗಡೆ 'ಡೂಪ್ಲಿಕೇಟೆಡ್ ಮಾರ್ಕ್ 2' ಅಂತ ಕೊರೆದಿದೆ, 'ಅವನೇ ಡೂಪ್ಲಿಕೇಟು ಅಂತ ಒಪ್ಕೊಂಡವ್ನೆ ಸಾರ್, ಇನ್ನೇನ್ ಮಾಡೋದು' ಅಂದ್ರು ಯಜಮಾನ್ರು. ರೀಲು ತಿರುಗುವಾಗ ಕರಕರ ಅನ್ನಿಸೋ ಚೆಕ್ ಇರತ್ತಲ್ಲ, ಅದಕ್ಕೆ ಸ್ಪ್ರಿಂಗು ನಾಲಗೆ ಜೋಡಿಯಾಗಿ ಕೊಟ್ಟಿದೀವಿ, ಒಂದು ಕೈಕೊಟ್ರೆ ಇನ್ನೊಂದು ಅಂತ, ಅಷ್ಟೇ ಅದರರ್ಥ. ಮಗೂ ಕೈಯಿಂದ ಅದನ್ನ ಬಿಡಿಸಕ್ಕೆ ಒಂದು ಚಾಕ್ಲೇಟ್ ಖರ್ಚಾಯ್ತು. ತಿರುಗಿಸಿ ನೋಡಿದ್ರೆ ರೀಲಿನ ಕಾಲಿಗೆ, ರಾಡಿಗೆ ಕೂರಿಸೋ ಪಟ್ಟಿಗೆ, ಯಾವನೋ ಅರ ಹಾಕಿ ಎರಡೂ ತುದಿ ಸವೆಸಿದಾನೆ. ಬೇರೆ ರಾಡಿಗೆ ಹೊಂದಲಿ ಅಂತ ಮಾಡಿರ್ತಾರೆ, ಮೀನು ಹಿಡಿಯೋನಿಗೆ ಅದು ಸರಿಯಾದ ಕೆಲಸಾನೇ, ಮಾರೋನಿಗೆ ಮಾತ್ರ ನಷ್ಟ. ಆದ್ರೂ ಆ ರೀಲಿಗೆ ಒಳ್ಳೇ ದುಡ್ಡೇ ಬಂತು.

ರಾಡುಗಳ ಬಗ್ಗೆ ಉದ್ದ ಬೇಡ. ಬಿದಿರನ್ನ ಉದ್ದಕ್ಕೆ ಸೀಳಿ, ಮುಕ್ಕೋನೆಯ ಆರು ಪಟ್ಟಿ ಮಾಡಿ ಅಂಟಿಸಿರ್ತಾರೆ. ಮೊದಮೊದಲು ನಮ್ಮ ಕಡೆಯಿಂದ ಹೋಗ್ತಿದ್ದ ಕಲ್ಕತ್ತಾ ಬಿದಿರು, ಆಮೇಲೆ ಚೀನಾದ ಟೊಂಕಿನ್ ಬಿದಿರು ಅದನ್ನ ಮೂಲೆಗೆ ತಳ್ಳಿತು. ನೋಡಬೇಕಾದ್ದು ಒಂದೇ, ತುಂಡುಗಳನ್ನೆಲ್ಲ ನೆಲದ ಮೇಲೆ ಪಕ್ಕಪಕ್ಕ ಮಲಗಿಸಿ. ಉದ್ದ ಸರಿಸಮ ಇರಬೇಕು. ಒಂದು ನಾಲ್ಕು ಬೆರಳು ಗಿಡ್ಡ ಇದೆ ಅಂದ್ರೆ ತುದಿ ಮುರಿದು ರಿಪೇರಿ ಆಗಿದೆ ಅಂತ, ಸಂಗ್ರಹ ಮಾಡೋನು ಫೋಟೋ ನೋಡಿ ಫೋನ್ ಇಟ್ಬಿಡ್ತಾನೆ. ಅಂಥ ರಾಡಿಗೆ ಗಿರಾಕಿ ಇರೋದು ಕೊಡಗಿನ ರೆಸಾರ್ಟುಗಳಲ್ಲಿ. ಗೋಡೆಗೆ ಅಡ್ಡಡ್ಡ ಮೊಳೆ ಹೊಡೆದು ತೂಗುಹಾಕ್ತಾರೆ, ಅವರಿಗೆ ತುದಿ ಇದ್ರೆಷ್ಟು ಇಲ್ದಿದ್ರೆಷ್ಟು. ಕೊರಿಯರ್ ಮಾಡೋದಾದ್ರೆ ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪು, ಎರಡೂ ಕಡೆ ಕ್ಯಾಪು. ಇದಕ್ಕಿಂತ ಒಳ್ಳೇ ಪ್ಯಾಕಿಂಗ್ ಇನ್ನೂ ಯಾರೂ ಕಂಡುಹಿಡಿದಿಲ್ಲ.

ನಂಗೆ ನಿಜವಾಗ್ಲೂ ಆಸೆ ಇರೋದು ಆ ತಗಡಿನ ಡಬ್ಬೀಲಿ. ಒಂದ್ಸಲ ಒಂದು ಹಳದಿ ತಿರುಗಿದ ಲಕೋಟೆ ಸಿಕ್ತು, ಒಳಗೆ ಗಾಜಿನೆಳೆ ಅನ್ನಿಸೋ ಗಡುಸು ದಾರದ ಸಣ್ಣ ಸುರುಳಿಗಳು, ಮುಟ್ಟಿದ್ರೆ ಟಪ್ ಅಂತ ಮುರೀತವೆ. ಅದು ರೇಷ್ಮೆಹುಳದ ಗಟ್. ನೈಲಾನ್ ಬರೋಕೆ ಮುಂಚೆ ಗಾಳಕ್ಕೂ ಮೇಲಿನ ದಾರಕ್ಕೂ ನಡುವೆ ಕಟ್ತಿದ್ದಿದ್ದು ಇದನ್ನೇ, ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ. ನೈಲಾನ್ ಲೋಕಕ್ಕೆ ಗೊತ್ತಾಗಿದ್ದೇ 1938ರಲ್ಲಿ. ಅಲ್ಲೀವರೆಗೆ ಸ್ಪೇನಿನ ಮುರ್ಸಿಯಾ ಕಡೆ ಇದೇ ಒಂದು ಕಸುಬು. ನಮ್ಮ ಮಳವಳ್ಳಿ ಕಡೆ ಹುಳ ಹಣ್ಣಾಯ್ತು ಅಂದ್ರೆ ಆರಿಸಿ ಚಂದ್ರಿಕೆಗೆ ಬಿಡ್ತಾರಲ್ಲ, ಅವರು ಅದೇ ಹೊತ್ತಿಗೆ, ಗೂಡು ಕಟ್ಟೋಕೆ ಬಿಡದೆ, ಹುಳಾನ ವಿನೆಗರ್‌ನಲ್ಲಿ ನೆನೆಹಾಕಿ, ಮೈ ಮುರಿದು, ಒಳಗಿನ ರೇಷ್ಮೆ ಗ್ರಂಥೀನ ಎರಡು ಕೈಯಲ್ಲಿ ಹಿಡಿದು ಒಂದೇ ಎಳೆಯಾಗಿ ಜಗ್ತಿದ್ರು. ಒಂದೊಂದು ಎಳೆ ಹೆಚ್ಚು ಅಂದ್ರೆ ಒಂದು ಮೊಳ, ಅದನ್ನ ಗಂಟು ಹಾಕಿ ಹಾಕಿ ಉದ್ದ ಮಾಡ್ಬೇಕು. ಹುಳಕ್ಕೆ ಹುಷಾರಿಲ್ಲ ಅಂದ್ರೆ ಮನೆಮಂದಿಯೆಲ್ಲ ಊಟ ಬಿಡೋ ಮದ್ದೂರಿನ ನನ್ನ ಅತ್ತೆಗೆ ಇದನ್ನ ಹೇಳಿದೆ. 'ಅಂಗಾರೆ ಅವ್ರಿಗೆ ಗೂಡಿನ ರೇಟು ಬಿದ್ದಿತ್ತೇನೋ ಕನಪ್ಪ' ಅಂದ್ರು, ಒಂದು ಕ್ಷಣಾನೂ ಯೋಚ್ನೆ ಮಾಡ್ಲಿಲ್ಲ. ಮಾರಕ್ಕೆ ಅಂತ ಹೋದ್ರೆ ಆ ಲಕೋಟೆಗೆ ದೊಡ್ಡ ಬೆಲೆ ಏನಿಲ್ಲ, ನಾನೇ ಕೊಂಡ್ಕೊಂಡೆ.

ಡಬ್ಬೀಲಿ ಇನ್ನೊಂದು ಇರತ್ತೆ, ಗರಿ ಕಟ್ಟಿದ ಹುಸಿನೊಣಗಳು, ಫ್ಲೈ ಅಂತಾರೆ. ಸಾಲ್ಮನ್ ಫ್ಲೈಗಳಲ್ಲಿ ಹಳದಿ ಬಿಳಿ ಚುಕ್ಕಿ ಮಿಂಚೋ ಒಂದು ಗರಿ ಇರತ್ತೆ ನೋಡಿ, ಅದು ನಮ್ಮ ಕಾಡುಕೋಳಿ ಹುಂಜದ ಕುತ್ತಿಗೆಯದ್ದು. ನಮ್ಮ ಕಾಡಿನ ಹಕ್ಕಿ ಸ್ಕಾಟ್ಲೆಂಡಿನ ಮೀನಿಗೆ ಟೋಪಿ ಹಾಕ್ತಿತ್ತು. ಇಂಥವನ್ನ ಮಾರೋಕೆ ಹೋಗೋ ಮುಂಚೆ 1972ರ ವನ್ಯಜೀವಿ ಕಾಯ್ದೆ ಒಂದ್ಸಲ ಓದ್ಕೊಳ್ಳಿ. ರೀಲಿನ ಹಿಡಿ ಬೆಳ್ಳಗಿದೆ ಅಂತ 'ದಂತದ ಹಿಡಿ ಇದೆ, ಅದಕ್ಕೇ ರೇಟು ಜಾಸ್ತಿ' ಅಂತ ಜಾಹೀರಾತು ಹಾಕೋ ಬುದ್ಧಿವಂತರೂ ಇದಾರೆ, ಗಿರಾಕಿಗಿಂತ ಮುಂಚೆ ಅರಣ್ಯ ಇಲಾಖೆ ಜೀಪ್ ಬರತ್ತೆ. ಬಹುಪಾಲು ಅವು ಐವೊರೀನ್ ಅನ್ನೋ ಪ್ಲಾಸ್ಟಿಕ್ಕು, ಆದ್ರೆ ಅದನ್ನ ಸ್ಟೇಷನ್ನಲ್ಲಿ ಕೂತು ವಿವರಿಸೋದು ಯಾರಿಗೆ ಬೇಕು. ನೂರು ವರ್ಷ ದಾಟಿದ ಸಾಮಾನು ಪರದೇಶಕ್ಕೆ ಕಳಿಸೋಕೂ ಅದೇ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರತ್ತೆ, ಪುರಾತತ್ವ ಇಲಾಖೆಯೋರನ್ನ ಕೇಳದೆ ಪಾರ್ಸೆಲ್ ಕಟ್ಟಬಾರದು. ಲಂಡನ್ ಹರಾಜಿನ ಕನಸು ಕಾಣ್ತಿದ್ದ ಎಷ್ಟೋ ಜನ ಇಲ್ಲಿಗೆ ತಣ್ಣಗಾಗ್ತಾರೆ.

ತಣ್ಣಗಾಗದೆ ಇರೋರು ಮಕ್ಕಳು. ನ್ಯೂಜೆರ್ಸಿಯಲ್ಲೋ ಡಲ್ಲಾಸಲ್ಲೋ ಕೂತ ಮಗ ವಾಟ್ಸಾಪ್ ವೀಡಿಯೋದಲ್ಲಿ ರೀಲು ನೋಡಿ, ನೆಟ್ಟಲ್ಲಿ ಹುಡುಕಿ, 'ಅಂಕಲ್, ಇದೇ ಪೀಸು ಒಂಬೈನೂರು ಡಾಲರ್‌ಗಿದೆ' ಅಂತಾನೆ. ಇದೆ ಕಣಪ್ಪ, ಎರಡು ವರ್ಷದಿಂದ್ಲೂ ಅಲ್ಲೇ ಇದೆ. ಕೇಳೋ ರೇಟು ಅನ್ನೋದು ಮದುವೆ ಬ್ರೋಕರ್ ಹತ್ರ ಹುಡುಗನ ಸಂಬಳ ಹೇಳಿದಂಗೆ, ಹೇಳೋನಿಗೂ ಕೇಳೋನಿಗೂ ಗೊತ್ತಿರತ್ತೆ. ಮಾರಾಟ ಆಗಿ ಮುಗಿದಿರೋ ಲಿಸ್ಟು ಬೇರೆ ಇರತ್ತೆ, ಅದನ್ನ ತೆಗೆದು ನೋಡ್ಬೇಕು, ಅದೂ ಅದೇ ಸೈಜು ಅದೇ ಕಂಡೀಶನ್ನಿನದ್ದು. ಹಳೇದಾದ ಮಾತ್ರಕ್ಕೆ ಅಪರೂಪ ಆಗ್ಬೇಕಂತೇನೂ ಇಲ್ಲ. ಫ್ರಾನ್ಸಿನ ಮಿಚೆಲ್ 300 ಅನ್ನೋ ರೀಲು ಕೋಟಿ ಲೆಕ್ಕದಲ್ಲಿ ತಯಾರಾಗಿದೆ, ಎಷ್ಟೇ ಚೆನ್ನಾಗಿದ್ರೂ ಒಂದು ಒಳ್ಳೇ ಹೋಟ್ಲಲ್ಲಿ ಮನೆಮಂದಿ ಊಟ ಮಾಡೋ ದುಡ್ಡಿಗೆ ಸಿಗತ್ತೆ. ಇಷ್ಟೆಲ್ಲ ಹೇಳಿದ್ರೂ ಮಗ ನಂಬಲ್ಲ, ನಾನೇ ಅಗ್ಗಕ್ಕೆ ಹೊಡ್ಕೋಬೇಕು ಅಂತಿದೀನಿ ಅಂದ್ಕೊಳ್ತಾನೆ. ಅಂದ್ಕೊಳ್ಳಲಿ. ಕೊನೆಗೆ ಯಾವುದೋ ಮಧ್ಯಾಹ್ನ ಬಿಲ್ಡರ್ ಅವಸರ ಮಾಡ್ತಾನೆ, ಗುಜರಿಯೋನು ತಕ್ಕಡಿ ತರ್ತಾನೆ, ಹಿತ್ತಾಳೆ ಕೇಜಿ ಲೆಕ್ಕದಲ್ಲಿ ಮೂಟೆ ಸೇರತ್ತೆ. ಗುಜರಿಯೋನ ಮೇಲೆ ನಂಗೆ ಸಿಟ್ಟಿಲ್ಲ, ಕತೆನೂ ಕೇಳದೆ ಡಬ್ಬಾನೂ ಕೇಳದೆ ತೂಕಕ್ಕೆ ಸರಿಯಾಗಿ ದುಡ್ಡು ಎಣಿಸೋನು ಇಡೀ ವ್ಯವಹಾರದಲ್ಲಿ ಅವನೊಬ್ಬನೇ.

ಮಾರಲ್ಲ ಅಂತ ಮೊದಲೇ ಹೇಳಿ ರೇಟು ಕೇಳೋರು ಕಮ್ಮಿ. ಹಲಗೂರು ಕಡೆಯ ಒಬ್ಬ ಅಣ್ಣ ಇದಾರೆ, ಭೀಮೇಶ್ವರಿ ಕಡೆ ಗಾಳದ ಕ್ಯಾಂಪ್ ನಡೀತಿದ್ದಾಗ ಪರದೇಶದೋರಿಗೆ ಹರಿಗೋಲು ಹಾಕಿ, ರಾಗಿ ಮುದ್ದೆ ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಮೆತ್ತಿಕೊಡ್ತಿದ್ದೋರು. ಹೋಗುವಾಗ ಯಾರೋ ಒಬ್ರು ತಮ್ಮ ಅಬು ಅಂಬಾಸಡರ್ ರೀಲನ್ನ ಇವರ ಕೈಗಿಟ್ಟು ಹೋದ್ರಂತೆ. ಸ್ವೀಡನ್ನಿಂದು, 1921ರಲ್ಲಿ ಗಡಿಯಾರದ ಕಾರ್ಖಾನೆಯಾಗಿ ಶುರುವಾದ ಕಂಪ್ನಿ, ಅದಕ್ಕೇ ಗೇರಿನ ಹಲ್ಲಿನ ಕೆಲಸ ಅಷ್ಟು ನಯ. ರೀಲಿನ ಕಾಲಡಿ ಒಂದು ನಂಬರಿದೆ, 70ರ ದಶಕದ ನಡುವಿನಿಂದ ಈಚೆಯದ್ದಾದ್ರೆ ಮೊದಲೆರಡು ಅಂಕಿ ವರ್ಷ, ಮುಂದಿನೆರಡು ತಿಂಗಳು, ಓದಿ ಹೇಳಿದೆ, 78ರ ಏಪ್ರಿಲ್ಲು. 'ನಮ್ ದೊಡ್ಮಗ್ಳಿಗಿಂತ ಒಂದೊರ್ಸ ದೊಡ್ದು ಬುಡಿ' ಅಂದ್ರು. ಅಭಯಾರಣ್ಯದೊಳಗೆ ಗಾಳ ಹಾಕೋದು ನಿಂತ್ಮೇಲೆ ಈಗ ಕೆರೇಲಿ ಕಾಟ್ಲಾ ಹಿಡೀತಾರೆ ಅದ್ರಲ್ಲಿ. ಮೈಯೆಲ್ಲ ಗೀರು, ಹಿಡಿ ಒಂದು ಹೋಗಿ ಅದರ ಜಾಗದಲ್ಲಿ ಹುಣಸೆ ಮರದ ತುಂಡು ಕೂರಿಸಿದಾರೆ, ತಿರುಗಿಸಿದ್ರೆ ಮಾತ್ರ ಬೆಣ್ಣೆ.

ಮಾರ್ಕೆಟ್ ಲೆಕ್ಕದಲ್ಲಿ ಇಷ್ಟು ಅಂತ ಹೇಳಿದೆ, ಹಂಗೇ ಡಬ್ಬದಲ್ಲೇ ಇದ್ದಿದ್ರೆ ಇಷ್ಟು ಅಂತ ಅದ್ರ ನಾಲ್ಕರಷ್ಟೂ ಹೇಳಿದೆ.

'ಡಬ್ದಲ್ಲಿ ಮಡಗಿದ್ರೆ ಮೀನ್ ಹೆಂಗ್ ಹಿಡಿಯದು' ಅಂದ್ರು.

'ಅದೇ ಅಣ್ಣ, ಹಿಡೀಬಾರದು.'

ನನ್ನ ಮುಖ ಒಂದ್ಸಲ ನೋಡಿದ್ರು, ಇವನು ಊಟ ಮಾಡ್ಕೊಂಡು ಬಂದಿದಾನೋ ಇಲ್ವೋ ಅನ್ನೋ ಥರ. ಆಮೇಲೆ ರೀಲಿನ ಪಕ್ಕದ ತಟ್ಟೆ ಬಿಚ್ಚಿ ಒಂದು ಸವೆದ ಗೇರು ತೋರಿಸಿದ್ರು. 'ಇದೊಂದು ಒಸಿ ಜಾರ್ತದೆ. ಮೈಸೂರಲ್ಲಿ ಯಾರ್ ಮನೇಲಾದ್ರೂ ಇಂತದ್ದೇ ಡಬ್ಬದಲ್ಲಿ ಸುಮ್ನೆ ಬಿದ್ದಿರೋದು ಸಿಕ್ರೆ, ಅದ್ರದ್ದು ಬಿಚ್ಕಬನ್ನಿ ಸಾ. ಅವ್ರೇನ್ ಅದ್ರಲ್ಲಿ ಮೀನ್ ಹಿಡಿಯದಿಲ್ವಲ್ಲ.'